ಓದುಗರ ಪ್ರಶ್ನೆ: ಗಿರಾಕಿಯ ಮೇಲಿನ ಸಿಟ್ಟನ್ನು ಎಲ್ಲಿಡಬೇಕು?

ಪ್ರಶ್ನೆ: ಮಾನ್ಯರೇ, ನಾನು ಮನೆಯಲ್ಲೇ ಕುಳಿತು ಲೇಬಲ್, ಕರಪತ್ರ, ಆಹ್ವಾನ ಪತ್ರಿಕೆಗಳ ವಿನ್ಯಾಸ ಮಾಡಿಕೊಡುತ್ತೇನೆ. ಎರಡು ತಿಂಗಳ ಹಿಂದೆ ತಿಪಟೂರಿನ ಕಡೆಯ ಎಣ್ಣೆ ಗಾಣದವರೊಬ್ಬರು ನಮ್ಮ ಮಾವನವರ ಪರಿಚಯದ ಮೇಲೆ ಕೊಬ್ಬರಿ ಎಣ್ಣೆ ಬಾಟಲಿಯ ಲೇಬಲ್ ಕೆಲಸ ಕೊಟ್ಟರು. 18,000 ರೂಪಾಯಿಗೆ ಬಾಯಿಮಾತಿನಲ್ಲೇ ಒಪ್ಪಿಕೊಂಡೆವು. ಈವರೆಗೆ ಒಂಬತ್ತು ಸಲ ತಿದ್ದಿದ್ದೇನೆ. ತೆಂಗಿನ ಮರ ಬೇಕೆಂದರು, ಹಾಕಿದ ಮೇಲೆ ಬೇಡವೆಂದರು. ರಾತ್ರಿ ಹನ್ನೊಂದೂವರೆಗೆ “ಸ್ವಲ್ಪ ಹಸಿರು ಜಾಸ್ತಿ ಮಾಡಮ್ಮ, ಐದು ನಿಮಿಷದ ಕೆಲಸ” ಎಂದು ವಾಟ್ಸಾಪ್ ಬರುತ್ತದೆ. ಹಣ ಕೇಳಿದರೆ “ಮನೇಲಿ ಕೂತು ಮಾಡೋದು ತಾನೇ, ಎಲ್ಲಿ ಹೋಗುತ್ತೆ ನಿನ್ನ ದುಡ್ಡು” ಎನ್ನುತ್ತಾರೆ. ಕಳೆದ ವಾರ ತಡೆಯಲಾರದೆ ಉದ್ದನೆಯದೊಂದು ಸಂದೇಶವನ್ನು ಟೈಪ್ ಮಾಡಿ, ಕಳುಹಿಸದೆ ಹಾಗೇ ಇಟ್ಟುಕೊಂಡಿದ್ದೇನೆ. ಕಳುಹಿಸಲೇ?
— ಹೆಸರು ಬೇಡ, ಎಸ್.ಎಸ್. ಪುರಂ, ತುಮಕೂರು

ಉತ್ತರ: ಕಳುಹಿಸಬೇಡಿ, ಅಳಿಸಲೂಬೇಡಿ. ಅದನ್ನು ವಾಟ್ಸಾಪ್‌ನಿಂದ ತೆಗೆದು ಒಂದು ನೋಟ್‌ಪುಸ್ತಕಕ್ಕೆ ಇಳಿಸಿಕೊಳ್ಳಿ. ಬೆರಳು ತಪ್ಪಿ ಹೋಗುವ ಅಪಾಯವಿಲ್ಲದ ಜಾಗ ಅದು.

ಹೀಗೆ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಅನುವಾದದ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ಸಂಭಾವನೆಯನ್ನು ತಿಂಗಳುಗಟ್ಟಲೆ ತಡಮಾಡಿದ ಒಬ್ಬರಿಗೆ ನಾನು ಬಹಳ ಚುರುಕಾದ, ಓದಿದರೆ ನನಗೇ ಹೆಮ್ಮೆಯಾಗುವಂಥ ಪತ್ರ ಬರೆದಿದ್ದೆ. ಹಣವೇನೋ ಬಂತು. ಆದರೆ ಮುಂದಿನ ವರ್ಷ ಬೇರೊಂದು ಊರಿನಲ್ಲಿ ಕೆಲಸ ಕೇಳಲು ಹೋದಾಗ, ಅಲ್ಲಿದ್ದವರು ಆ ಪತ್ರದ ಎರಡು ಸಾಲುಗಳನ್ನು ನನಗೇ ಒಪ್ಪಿಸಿ ನಕ್ಕರು. ತಡಮಾಡಿದವರ ತಪ್ಪು ಯಾರ ನೆನಪಿನಲ್ಲೂ ಉಳಿದಿರಲಿಲ್ಲ, ನನ್ನ ನಾಲಿಗೆ ಮಾತ್ರ ಉಳಿದಿತ್ತು.

ನೋಟ್‌ಪುಸ್ತಕದಲ್ಲಿರುವುದನ್ನು ಮರುದಿನ ಬೆಳಗ್ಗೆ ಕಾಫಿ ಕುಡಿದ ಮೇಲೆ ಓದಿ, ಪ್ರತಿಯೊಂದು ಸಾಲಿನ ಕೆಳಗೆ, ಕೆಲಸ ಹಿಡಿಯುವ ಮುಂಚೆ ಯಾವ ಮಾತನ್ನು ಆಡಿದ್ದರೆ ಈ ಸಾಲು ಬರೆಯಬೇಕಾಗುತ್ತಿರಲಿಲ್ಲ ಎಂಬುದನ್ನು ಗುರುತು ಹಾಕಿ. ಎಷ್ಟು ಸಲ ತಿದ್ದಿಕೊಡುತ್ತೀರಿ, ಎಷ್ಟು ಹಣ ಮುಂಗಡ, ಯಾವ ಹೊತ್ತಿನಲ್ಲಿ ಮಾತಾಡಬಹುದು, ಕೊನೆಯ ಒಪ್ಪಿಗೆ ಯಾರದು ಎಂಬ ನಾಲ್ಕೈದು ಸಂಗತಿಗಳಾಚೆಗೆ ನಿಮ್ಮ ಸಿಟ್ಟು ಹೋಗಿರಲಿಕ್ಕಿಲ್ಲ. ಮುಂದಿನ ಗಿರಾಕಿಗೆ ಕೊಡುವ ಕೊಟೇಷನ್‌ನ ಕರಡು ನಿಮಗೆ ಅಲ್ಲೇ ಸಿಗುತ್ತದೆ.

ಇನ್ನು ಆ ಹಸಿರಿನ ವಿಚಾರ. ನಿಮ್ಮ ಗಾಣದವರು ಕಿರುಕುಳ ಕೊಡುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಎಣ್ಣೆಯನ್ನು ಬಣ್ಣ, ವಾಸನೆ, ಜಿಗುಟಿನ ಮೇಲೆ ಅಳೆದು ಬದುಕಿದವರಿಗೆ ಲೇಬಲ್‌ನಲ್ಲಿ ಏನು ತಪ್ಪಿದೆ ಎಂದು ಹೇಳಲು ಮಾತು ಸಿಗುವುದಿಲ್ಲ. ಸಿಗದಿದ್ದಾಗ ಹಸಿರು, ತೆಂಗಿನ ಮರ ಎಂದು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಅದೂ ಅಲ್ಲದೆ ಅವರು ನೋಡುತ್ತಿರುವುದು ಫೋನಿನ ಪರದೆಯನ್ನು. ಪರದೆಯ ಬಣ್ಣ ಬೆಳಕಿನಿಂದ ಆದದ್ದು, ಕಾಗದದ ಬಣ್ಣ ನಾಲ್ಕು ಶಾಯಿಗಳಿಂದ ಆದದ್ದು, ಆದ್ದರಿಂದ ಫೋನಿನಲ್ಲಿ ಮಿಂಚುವ ಹಸಿರು ಮುದ್ರಣದಲ್ಲಿ ಮಂಕಾಗುವುದು ಸಾಮಾನ್ಯ. ಒಂದು ಪ್ರತಿಯನ್ನು ಸ್ಟಿಕ್ಕರ್ ಕಾಗದದ ಮೇಲೆ ಮುದ್ರಿಸಿ, ಅವರದೇ ಬಾಟಲಿಗೆ ಎಣ್ಣೆ ತುಂಬಿಸಿ ಅಂಟಿಸಿಕೊಂಡು, ಬೆಳಗಿನ ರೈಲು ಹತ್ತಿ ತಿಪಟೂರಿಗೆ ಒಮ್ಮೆ ಹೋಗಿಬನ್ನಿ. ಬಾಟಲಿಯನ್ನು ಅಂಗಡಿಯ ಶೆಲ್ಫಿನ ಮೇಲೆ ಉಳಿದವುಗಳ ನಡುವೆ ಇಟ್ಟು, ಹತ್ತಡಿ ದೂರದಿಂದ ನೋಡಲು ಹೇಳಿ. ವಾಟ್ಸಾಪ್‌ನಲ್ಲಿ ನಾಲ್ಕು ಸಲ ತಿದ್ದಿದರೂ ಮುಗಿಯದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹೋದಾಗಲೇ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇವನ್ನೆಲ್ಲ ಅವರ ಮೂಲ ಕಾಗದದೊಂದಿಗೆ ತಾಳೆ ನೋಡಿ, ಪ್ರೂಫ್‌ನ ಮೇಲೆ ಅವರ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ. ಹತ್ತು ಸಾವಿರ ಲೇಬಲ್ ಅಚ್ಚಾದ ಮೇಲೆ ಒಂದು ಅಂಕಿ ಬಿಟ್ಟುಹೋಗಿದೆ ಎಂದು ಗೊತ್ತಾದರೆ ಆಗ ನಡೆಯುವ ಜಗಳದ ಮುಂದೆ ಈಗಿನದು ಜಗಳವೇ ಅಲ್ಲ.

ಹೊರಡುವ ಮುನ್ನ ಒಂದು ಸಂದೇಶ ಕಳುಹಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ನಮಸ್ಕಾರ ಸರ್. ಒಂಬತ್ತನೇ ಪ್ರೂಫ್ ಕಳುಹಿಸಿದ್ದೇನೆ. ಎಷ್ಟು ತಿದ್ದುಪಡಿ ಎಂದು ಮೊದಲೇ ಮಾತಾಡಿಕೊಳ್ಳದಿದ್ದುದು ನನ್ನಿಂದಲೂ ಆದ ತಪ್ಪು, ಹಾಗಾಗಿ ಈವರೆಗಿನದಕ್ಕೆ ಹೆಚ್ಚುವರಿ ಕೇಳುವುದಿಲ್ಲ. ಗುರುವಾರ ಮುದ್ರಿತ ಮಾದರಿ ತೆಗೆದುಕೊಂಡು ನಾನೇ ಬರುತ್ತೇನೆ. ಅಂದು ಒಪ್ಪಿಗೆಯಾದ ಮೇಲೆ ಬದಲಾವಣೆ ಬಂದರೆ ಪ್ರತಿ ಸಲಕ್ಕೆ 800 ರೂಪಾಯಿ ಆಗುತ್ತದೆ. 18,000 ರೂಪಾಯಿ ಸಂದಾಯವಾದ ದಿನವೇ ಪ್ರೆಸ್‌ಗೆ ಕೊಡುವ ಫೈಲ್ ಕಳುಹಿಸುತ್ತೇನೆ.” ಇದರಲ್ಲಿ ದೂರಿಲ್ಲ, ಅಳಲೂ ಇಲ್ಲ. ಮಾವನವರ ಹೆಸರಂತೂ ಬರಲೇಕೂಡದು. ಅವರನ್ನು ನಡುವೆ ತಂದರೆ ವ್ಯವಹಾರ ಪಂಚಾಯಿತಿಯಾಗುತ್ತದೆ, ಪಂಚಾಯಿತಿಯಲ್ಲಿ ಯಾವಾಗಲೂ “ಒಂದಿಷ್ಟು ಬಿಟ್ಟುಕೊಡಮ್ಮ” ಎಂಬ ತೀರ್ಮಾನವೇ ಆಗುವುದು.

“ಮಾಡಮ್ಮ” ಎಂಬ ಏಕವಚನ ನಿಮ್ಮನ್ನು ಕುಟುಕಿದಂತಿದೆ. ನಮ್ಮ ಸೀಮೆಯ ಹಿರಿಯರ ಬಾಯಲ್ಲಿ ಅದು ಸಲಿಗೆಯೇ ಹೊರತು ತಾತ್ಸಾರವಲ್ಲ, ಬಿಟ್ಟುಬಿಡಿ. “ಮನೇಲಿ ಕೂತು” ಎಂಬ ಮಾತನ್ನು ಮಾತ್ರ ಬಿಡಬೇಡಿ. ಅದಕ್ಕೆ ಉತ್ತರ ಬಾಯಿಂದಲ್ಲ, ಕ್ರಮಸಂಖ್ಯೆ ಮತ್ತು ತಾರೀಖು ಇರುವ ಬಿಲ್ಲಿನಿಂದ. ರಾತ್ರಿಯ ಸಂದೇಶಗಳಿಗೆ ಬೆಳಗ್ಗೆ ಹತ್ತಕ್ಕೆ ಉತ್ತರಿಸಿ, ಕ್ಷಮೆ ಕೇಳಬೇಡಿ. ಹನ್ನೊಂದೂವರೆಗೆ ಒಮ್ಮೆ ಉತ್ತರ ಕೊಟ್ಟವರ ಅಂಗಡಿ ಹನ್ನೊಂದೂವರೆಗೂ ತೆರೆದಿರುತ್ತದೆ ಎಂದೇ ಅವರು ತಿಳಿಯುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಇಷ್ಟಾದ ಮೇಲೂ ಹಣ ಬಾರದಿದ್ದರೆ ಅದು ಸಿಟ್ಟಿನ ವಿಷಯವಲ್ಲ, ಕಾನೂನಿನದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಹಣ ಕೊಡಬೇಕಾದವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ. ಕೆಲಸ ಒಪ್ಪಿಸಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಪ್ರೂಫ್‌ನ ಮೇಲಿನ ಆ ಸಹಿ ಮತ್ತು ತಾರೀಖಿನ ಬೆಲೆ ನಿಮಗೆ ಇಲ್ಲಿ ಗೊತ್ತಾಗುತ್ತದೆ. ಬಾಕಿಯ ದೂರನ್ನು ಈ ಕಾಯ್ದೆಯಡಿ ರಚನೆಯಾಗಿರುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಒಯ್ಯಬಹುದು. ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ಆಧಾರ್ ಮತ್ತು ಪ್ಯಾನ್ ಸಾಕು, ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳ ಬಳಿ ಹೋಗಬೇಡಿ. ಆದರೆ ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಾಕಿಗೂ ಈ ರಕ್ಷಣೆ ಸಿಕ್ಕೀತೆಂದು ನಂಬಿ ಕೂರುವಂತಿಲ್ಲ, ಆದ್ದರಿಂದ ಮುಂದಿನ ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಳ್ಳಿ. ನೋಂದಣಿ ಇಲ್ಲದ ಬಾಕಿಗೆ ಸಾಮಾನ್ಯ ಸಿವಿಲ್ ದಾವೆಯ ದಾರಿ ಇದ್ದೇ ಇದೆ, ಅದಕ್ಕೆ ಮೂರು ವರ್ಷಗಳ ಕಾಲಮಿತಿಯಿದೆ.

ಬಿಟ್ಟುಬಿಡಬೇಕಾದ ಗಿರಾಕಿಗಳೂ ಇರುತ್ತಾರೆ. ಬೈಗುಳಕ್ಕೆ ಇಳಿದವರ ಕೆಲಸವನ್ನು, ಎಷ್ಟು ಮುಗಿದಿದೆಯೋ ಅಷ್ಟಕ್ಕೆ ಬಿಲ್ ಮಾಡಿ, ಮುಂಗಡದಲ್ಲಿ ಉಳಿದದ್ದನ್ನು ಅಂದೇ ಹಿಂದಿರುಗಿಸಿ, ಎರಡು ಸಾಲಿನಲ್ಲಿ ಮುಗಿಸಿ. ನಿಮ್ಮ ಗಾಣದವರು ಆ ಬಗೆಯವರಲ್ಲ.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಆಲ್ಬಂಗೆ ಫೋಟೋ ಆರಿಸಿಕೊಡಿ ಎಂದು ಆರು ತಿಂಗಳಿಂದ ಕೇಳಿದರೂ ಕೊಡದ ಮದುವೆ ಮನೆಯವರು, ಈಗ ತೆಗೆದ ಎಲ್ಲ ಫೋಟೋಗಳ ಮೂಲ ಫೈಲ್ ಕೊಡಿ, ಇಲ್ಲದಿದ್ದರೆ ಗೂಗಲ್‌ನಲ್ಲಿ ಕೆಟ್ಟದಾಗಿ ಬರೆಯುತ್ತೇವೆ ಎನ್ನುತ್ತಿದ್ದಾರೆ. ತೆಗೆದ ಫೋಟೋ ನನ್ನದಲ್ಲವೇ?
— ಗುಬ್ಬಿಯ ಓದುಗರು

ಉತ್ತರ: ನಿಮಗೆ ಬೇಸರವಾಗಬಹುದು, ಆದರೆ ಆ ವಾದ ಹಿಡಿದು ಹೋಗಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಮೂಲ ಫೈಲ್‌ಗಳನ್ನೆಲ್ಲ ಕೊಡಬೇಕೇ ಎಂಬುದು ನೀವು ಏನು ಕೊಡುತ್ತೇನೆಂದು ಒಪ್ಪಿಕೊಂಡಿದ್ದಿರಿ ಎಂಬುದರ ಮೇಲೆ ನಿಲ್ಲುತ್ತದೆ. ಬಾಕಿ ಪೂರ್ತಿ ಸಂದಾಯವಾಗಿದ್ದರೆ ಹಾರ್ಡ್ ಡಿಸ್ಕ್ ತರಲು ಹೇಳಿ, ತುಂಬಿಸಿ ಕೊಟ್ಟು, ತಲುಪಿದ್ದಕ್ಕೆ ಒಂದು ಸಹಿ ಪಡೆಯಿರಿ. ಆ ಫೈಲ್‌ಗಳನ್ನು ಕಟ್ಟಿಟ್ಟುಕೊಂಡು ನೀವು ಗಳಿಸುವುದೇನೂ ಇಲ್ಲ. ಕೆಟ್ಟದಾಗಿ ಬರೆದರೆ ಅದರ ಕೆಳಗೆ ಮದುವೆಯ ದಿನ, ಫೋಟೋ ತೋರಿಸಿದ ದಿನ, ನೆನಪಿಸಿದ ದಿನಗಳನ್ನಷ್ಟೇ ಬರೆಯಿರಿ. ಓದುವವರಿಗೆ ತಾರೀಖುಗಳೇ ಸಾಕು.

ಪ್ರಶ್ನೆ: ನೆಂಟರ ಕೆಲಸಕ್ಕೆ ಅಡ್ವಾನ್ಸ್ ಕೇಳಬಹುದೇ?
— ಕೊರಟಗೆರೆಯ ಓದುಗರು

ಉತ್ತರ: ಕೇಳಬೇಕು. ಬೇರೆಯವರಿಗೆ ಕೊಡುವ ದರಪಟ್ಟಿಯನ್ನೇ ಅವರಿಗೂ ಕೊಡಿ. ಪುಕ್ಕಟೆ ಮಾಡಿಕೊಡುವ ಮನಸ್ಸಿದ್ದರೆ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಬರೆದು, ಅದರ ಕೆಳಗೆ “ಮದುವೆಯ ಉಡುಗೊರೆ” ಎಂದು ಅಷ್ಟನ್ನೂ ಕಳೆದು ತೋರಿಸಿ. ಅರ್ಧ ದುಡ್ಡು, ಅರ್ಧ ದಾಕ್ಷಿಣ್ಯ ಎಂದು ಮಾತ್ರ ಹಿಡಿಯಬೇಡಿ.