ನಕ್ಷೆಗಿಂತ ಮೊದಲು ಮನೆಯ ಚರಿತ್ರೆ ನೋಡಿ

ನಿಮ್ಮ ಪತ್ರ ಓದಿದೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಹಿಲ್ಸ್ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಿಯಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಮನೆ ಕೊಂಡಿದ್ದೀರಿ. ಊರಿನಿಂದ ಅಮ್ಮ ಬಂದರೆ ಮೆಟ್ಟಿಲು ಹತ್ತಲಾರರು. ಅದಕ್ಕಾಗಿ ಮನೆಯ ಪಕ್ಕಕ್ಕೆ ಮಲಗುವ ಕೋಣೆ, ಬಚ್ಚಲು, ಅವರ ಮಡಿ ಅಡುಗೆಗೊಂದು ಪುಟ್ಟ ಅಡುಗೆಮನೆ ಕಟ್ಟಿಸಬೇಕೆಂದಿದ್ದೀರಿ. ನಮ್ಮದೇ ಜಾಗವಲ್ಲವೇ, ಅನುಮತಿ ಏಕೆ ಎಂದು ಕೇಳಿದ್ದೀರಿ.

ಇಂಗ್ಲೆಂಡಿನಲ್ಲಿ ಜಾಗ ನಿಮ್ಮದಾದ ಮಾತ್ರಕ್ಕೆ ಅದರ ಮೇಲೆ ಕಟ್ಟುವ ಹಕ್ಕು ಬರುವುದಿಲ್ಲ. 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಜಾರಿಗೆ ಬಂದ 1948ರ ಜುಲೈ 1ರಿಂದ ಇದೇ ವ್ಯವಸ್ಥೆ. ಸಣ್ಣಪುಟ್ಟ ವಿಸ್ತರಣೆಗಳಿಗೆ ಅರ್ಜಿ ಇಲ್ಲದೆಯೇ ಅವಕಾಶವಿದೆ. ಅದನ್ನು ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಆದರೆ ಎಷ್ಟು ವಿಸ್ತರಿಸಬಹುದು ಎಂಬುದನ್ನು ಈಗಿರುವ ಮನೆಯಿಂದ ಅಳೆಯುವುದಿಲ್ಲ. 1948ರ ಆ ದಿನ ಇದ್ದ ಮನೆಯಿಂದ, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ರೂಪದಿಂದ ಅಳೆಯುತ್ತಾರೆ. ಹಿಂದಿನ ಮಾಲೀಕರು ಹಿತ್ತಲಿನ ಕಡೆಗೆ ಸೇರಿಸಿದ ಕೋಣೆಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ನಕ್ಷೆ ಬರೆಯುವವರನ್ನು ಕರೆಯುವ ಮೊದಲು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿ, ಆ ಮನೆಗೆ ಈವರೆಗೆ ಸಿಕ್ಕ ಅನುಮತಿಗಳನ್ನೆಲ್ಲ ತೆಗೆದು ಓದಿ. ತುಂಬ ಹಳೆಯವು ಅಲ್ಲಿ ಇಲ್ಲದಿದ್ದರೆ ಕೌನ್ಸಿಲ್‌ಗೆ ಬರೆದು ಕೇಳಿ.

ಓದುವಾಗ ಷರತ್ತುಗಳ ಮೇಲೆ ಕಣ್ಣಿಡಿ. ಹಳ್ಳಿಗಾಡಿನ ಎಷ್ಟೋ ಮನೆಗಳಿಗೆ ಅನುಮತಿ ಕೊಡುವಾಗಲೇ ಅರ್ಜಿಯಿಲ್ಲದೆ ವಿಸ್ತರಿಸುವ ಈ ಹಕ್ಕನ್ನು ಒಂದು ಸಾಲಿನ ಷರತ್ತಿನಿಂದ ಕಿತ್ತುಕೊಂಡಿರುತ್ತಾರೆ. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಪ್ರತ್ಯೇಕ ಒಪ್ಪಿಗೆ ಬೇಕು. ಅದಿಲ್ಲದೆ ಅಂಥ ಮನೆಯ ಸ್ವರೂಪ ಕೆಡುವಂತೆ ಗೋಡೆ ಒಡೆದರೆ ಅದು ಕ್ರಿಮಿನಲ್ ಅಪರಾಧ.

ಇವು ಯಾವುವೂ ಇಲ್ಲವೆಂದುಕೊಳ್ಳೋಣ. ಆಗಲೂ ನೀವಿರುವುದು ಸಂರಕ್ಷಿತ ಪ್ರದೇಶವಾದ್ದರಿಂದ ಪಕ್ಕಕ್ಕೆ ಕಟ್ಟಲು ಅರ್ಜಿ ಹಾಕಲೇಬೇಕು. ಹಿಂಭಾಗಕ್ಕಾದರೆ ಒಂಟಿ ಮನೆಗೆ ಮೂಲ ಮನೆಯ ಹಿಂಗೋಡೆಯಿಂದ ನಾಲ್ಕು ಮೀಟರ್ ದೂರದವರೆಗೆ, ಒಂದೇ ಅಂತಸ್ತು, ನಾಲ್ಕು ಮೀಟರ್ ಮೀರದ ಎತ್ತರ, ಈಗಿರುವ ಮನೆಯನ್ನು ಹೋಲುವ ಹೊರಮೈ, ಇಷ್ಟಿದ್ದರೆ ಸಾಮಾನ್ಯವಾಗಿ ಅರ್ಜಿ ಬೇಡ. ಅಮ್ಮನ ಕೋಣೆ ಮತ್ತು ಬಚ್ಚಲಿಗೆ ಅಷ್ಟು ಸಾಕು. ನನ್ನನ್ನು ಕೇಳಿದರೆ ಹಿಂದಕ್ಕೇ ಕಟ್ಟಿ. ಕಟ್ಟುವ ಮೊದಲು ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್, ಅಂದರೆ ಕಟ್ಟುವುದು ಕಾನೂನುಬದ್ಧವೆಂದು ಕೌನ್ಸಿಲ್ ಕೊಡುವ ಪತ್ರ, ಮಾತ್ರ ತೆಗೆದುಕೊಳ್ಳಿ. ಅದು ಕಡ್ಡಾಯವಲ್ಲ, ಆದರೆ ಮನೆ ಮಾರುವ ದಿನ ಕೊಳ್ಳುವವರ ವಕೀಲರು ಮೊದಲು ಕೇಳುವುದು ಅದನ್ನೇ. ಶುಲ್ಕ ಪೂರ್ಣ ಅರ್ಜಿಯ ಅರ್ಧ. ಪೂರ್ಣ ಅರ್ಜಿಯ ಶುಲ್ಕ 2025ರ ಏಪ್ರಿಲ್‌ನಲ್ಲಿ 258 ಪೌಂಡ್‌ಗಳಿಂದ 528ಕ್ಕೆ ಏರಿತು.

ಮನೆಯ ಜೊತೆ ಬಂದ ಹುಲ್ಲುಗಾವಲಿನ ಕಡೆಗೆ ಗೋಡೆ ಚಾಚಬೇಡಿ. ಬೇಲಿ ಕಿತ್ತು ಹೂಗಿಡ ನೆಟ್ಟ ಮಾತ್ರಕ್ಕೆ ಕೃಷಿಭೂಮಿ ಮನೆಯಂಗಳವಾಗುವುದಿಲ್ಲ.

ಮಡಿ ಅಡುಗೆಮನೆಯ ವಿಷಯ ಸೂಕ್ಷ್ಮ. ನಿಮಗದು ಆಚಾರ, ಅಮ್ಮನ ನೆಮ್ಮದಿ. ಕೌನ್ಸಿಲ್‌ನ ಅಧಿಕಾರಿಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಒಲೆ, ಪ್ರತ್ಯೇಕ ಬಚ್ಚಲು ಒಟ್ಟಿಗೆ ಕಂಡರೆ ಇನ್ನೊಂದು ಮನೆಯೇ ಹುಟ್ಟುತ್ತಿದೆ ಎಂಬ ಅನುಮಾನ ಬರುತ್ತದೆ. ಹಳ್ಳಿಗಾಡಿನಲ್ಲಿ ಹೊಸ ಮನೆಗೆ ಅನುಮತಿ ಬಲು ಕಷ್ಟ. ಹೊರಬಾಗಿಲು ಬೇಡ, ಒಳಗಿನಿಂದಲೇ ದಾರಿಯಿರಲಿ. ಅಮ್ಮನ ಒಲೆಗೆ ಈಗಿನ ಅಡುಗೆಮನೆಗೆ ಹೊಂದಿಕೊಂಡ ಮೂಲೆಯನ್ನು ಬಿಡಿಸಿಕೊಡಿ. ಪಕ್ಕಕ್ಕೇ ಕಟ್ಟುವುದಾಗಿ ಅರ್ಜಿ ಹಾಕಿದರೂ ಅಮ್ಮನ ಮೊಣಕಾಲನ್ನೇ ನಂಬಿಕೊಳ್ಳಬೇಡಿ. ನೀವು ಹೋದ ಮೇಲೂ ಗೋಡೆ ನಿಂತಿರುತ್ತದೆ ಎಂಬ ಕಾರಣಕ್ಕೆ ಸ್ವಂತ ಪರಿಸ್ಥಿತಿಗೆ ಕೌನ್ಸಿಲ್‌ನವರು ಕೊಡುವ ತೂಕ ಕಡಿಮೆ.

ಹೊಸ ಮಾಡು ಹಳೆಯ ಮಾಡಿಗೆ ಕೂಡುವ ಕಡೆ ಬಾವಲಿಗಳಿವೆಯೇ ಎಂದು ಮೊದಲೇ ಪರೀಕ್ಷೆ ಮಾಡಿಸಿ. ಎಲ್ಲ ಜಾತಿಯ ಬಾವಲಿಗಳಿಗೂ ಅವುಗಳ ಗೂಡುಗಳಿಗೂ ಇಲ್ಲಿ ಕಾನೂನಿನ ರಕ್ಷಣೆಯಿದೆ. ಅವು ಸಂಜೆ ಹೊರಬೀಳುವುದನ್ನು ಎಣಿಸುವ ಸಮೀಕ್ಷೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅಕ್ಟೋಬರ್‌ನಲ್ಲಿ ನೆನಪಾದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗುತ್ತದೆ. ತಳಪಾಯ, ಚರಂಡಿ, ಶಾಖ ನಿರೋಧಕಗಳಿಗೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಎಂಬ ನಿರ್ಮಾಣ ಗುಣಮಟ್ಟದ ನಿಯಮಗಳ ಒಪ್ಪಿಗೆ ಬೇರೆಯೇ ಇದೆ. ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಹೊಸ ಬಚ್ಚಲಿನ ಹೊರೆ ತಡೆಯುತ್ತದೆಯೇ ನೋಡಿಸಿ.

ಪತ್ರದ ಕೊನೆಯಲ್ಲಿ ಹಿಂಜರಿಯುತ್ತಾ ಕೇಳಿದ್ದೀರಿ: ನಾವು ಹೊರಗಿನವರೆಂದು ಊರವರು ಅಡ್ಡ ಬರುತ್ತಾರೆಯೇ? ಅರ್ಜಿ ಬಂದರೆ ಕೌನ್ಸಿಲ್ ನೆರೆಯವರಿಗೆ ತಿಳಿಸುತ್ತದೆ, ಹಳ್ಳಿಮಟ್ಟದ ಪ್ಯಾರಿಷ್ ಕೌನ್ಸಿಲ್‌ನ ಅಭಿಪ್ರಾಯ ಕೇಳುತ್ತದೆ. ಆಕ್ಷೇಪಗಳು ಸಾಮಾನ್ಯವಾಗಿ ಎಲ್ಲರೂ ಓದುವಂತೆ ಪ್ರಕಟವಾಗುತ್ತವೆ. ಓದಿದರೆ ಮನಸ್ಸಿಗೆ ನೋವಾಗಬಹುದು. ಆದರೆ ಇದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವರ ಅರ್ಜಿಗಳ ಕೆಳಗೆ ಏನು ಬರೆದಿದ್ದಾರೆಂದು ಒಮ್ಮೆ ನೋಡಿ. ಅಷ್ಟೇ ಖಾರವಾಗಿ ಬರೆದಿರುವುದು ಕಾಣಿಸುತ್ತದೆ. ತೀರ್ಮಾನದಲ್ಲಿ ಲೆಕ್ಕಕ್ಕೆ ಬರುವುದು ನೆರೆಯವರ ಕಿಟಕಿಗೆ ಬೆಳಕು ತಪ್ಪುತ್ತದೆಯೇ, ನಿಮ್ಮ ಕಿಟಕಿ ಅವರ ಅಂಗಳಕ್ಕೆ ಇಣುಕುತ್ತದೆಯೇ, ಕಟ್ಟಡ ಊರಿನ ಚಹರೆಗೆ ಹೊಂದುತ್ತದೆಯೇ ಎಂಬಂಥ ವಿಚಾರಗಳು. ಅವರ ಮನೆಯಿಂದ ಕಾಣುವ ಗುಡ್ಡದ ನೋಟ, ಅವರ ಮನೆಯ ಬೆಲೆ ಇವು ಲೆಕ್ಕಕ್ಕಿಲ್ಲ. ಅರ್ಜಿ ಹಾಕುವ ಮೊದಲೇ ನಕ್ಷೆ ಹಿಡಿದು ಅಕ್ಕಪಕ್ಕದವರ ಮನೆಗೆ ಹೋಗಿ, ಕುಳಿತು ತೋರಿಸಿ. ಕೌನ್ಸಿಲ್‌ನ ಕಾಗದದಿಂದ ಸುದ್ದಿ ತಿಳಿದವರಿಗೂ ನಿಮ್ಮ ಬಾಯಿಂದ ಕೇಳಿದವರಿಗೂ ಬಹಳ ವ್ಯತ್ಯಾಸವಿರುತ್ತದೆ. ಅನುಮತಿ ಸಿಗಲಿ ಬಿಡಲಿ, ಅವರೊಡನೆ ಬಾಳಬೇಕಾದವರು ನೀವೇ.

ಮೊದಲು ಕಟ್ಟಿ ಆಮೇಲೆ ದಂಡ ಕೊಟ್ಟು ಸಕ್ರಮ ಮಾಡಿಸೋಣ ಎಂಬ ನಮ್ಮೂರಿನ ಲೆಕ್ಕಾಚಾರವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಕಟ್ಟಿದ ಮೇಲೆ ಅರ್ಜಿ ಹಾಕಲು ಅವಕಾಶವಿದೆ, ಆದರೆ ತಿರಸ್ಕರಿಸಿದರೆ ಕೆಡವಿಸುವ ಅಧಿಕಾರವೂ ಇದೆ. ಮೊದಲು ನಾಲ್ಕು ವರ್ಷ ಕಳೆದರೆ ಕ್ರಮ ಕೈಗೊಳ್ಳುವಂತಿರಲಿಲ್ಲ. 2024ರ ಏಪ್ರಿಲ್ 25ರಿಂದ ಅದು ಹತ್ತು ವರ್ಷವಾಗಿದೆ.

ಅರ್ಜಿ ಹಾಕಿದರೆ ತೀರ್ಮಾನಕ್ಕೆ ನಿಗದಿಯಾದ ಅವಧಿ ಎಂಟು ವಾರ. ತಿರಸ್ಕರಿಸಿದರೆ ಕಾರಣಗಳನ್ನು ಬರೆದು ಕೊಡುತ್ತಾರೆ, ಹನ್ನೆರಡು ವಾರದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಈ ವಾರ ಹಳೆಯ ಅನುಮತಿ ಪತ್ರಗಳನ್ನು ತೆಗೆಯಿರಿ. ಅವುಗಳಲ್ಲಿರುವ ಷರತ್ತುಗಳನ್ನು ಹಾಗೆಯೇ ನಕಲು ಮಾಡಿ ನನಗೆ ಕಳುಹಿಸಿ, ಒಟ್ಟಿಗೆ ಓದೋಣ.