ಮುಲಾಂಜೆ ತಪ್ಪಲಲ್ಲಿ ಸಂಜೆ ಚಾರಣ: ಐದು ಗಂಟೆಗೆ ಹೊರಟರೆ ತಡವಾಯಿತು

ಜುಲೈನಲ್ಲಿ ಆಫ್ರಿಕಾದ ಮಲಾವಿ ದೇಶದ ಮುಲಾಂಜೆ ಬೆಟ್ಟದ ಬಳಿ ಮಕ್ಕಳ ವಾರ್ಡಿನಲ್ಲಿ ಸೇವೆಗೆ ಹೋಗುವವರು, ಸಂಜೆ ಐದರ ಮೇಲೆ ಗುಡ್ಡ ಹತ್ತಬಹುದೇ ಎಂದು ಕೇಳಿದ್ದೀರಿ. ಬೇಡ. ಆಗ ಅಲ್ಲಿ ಚಳಿಗಾಲ, ಐದೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಅರ್ಧ ಗಂಟೆಯೊಳಗೆ ಕತ್ತಲು. ವಾರಕ್ಕೊಂದು ದಿನ ಬೇಗ ಬಿಡುಗಡೆ ಕೇಳಿ, ಮೂರೂವರೆಗೆ ಹೊರಡಿ. ಎಲ್ಲೇ ಇದ್ದರೂ ನಾಲ್ಕೂವರೆಗೆ ತಿರುಗಿ. ಸ್ಥಳೀಯರೊಬ್ಬರು ಜೊತೆಗಿರಲಿ. ಚಿಪೆರೋನಿ ಎಂಬ ಮಂಜು-ಜಿನುಗುಮಳೆ ಕವಿದಿದ್ದರೆ ಹೊರಡಲೇಬೇಡಿ. ದಾರಿ ಕಾಣುವುದಿಲ್ಲ, ಬಂಡೆ ಜಾರುತ್ತದೆ.

ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು, ಮೊಬೈಲ್ ಬೆಳಕನ್ನು ನಂಬಬೇಡಿ. ಪಫ್ ಆಡರ್ ಎಂಬ ದಪ್ಪ ಮಂಡಲದ ಹಾವು ಹೆಜ್ಜೆ ಸದ್ದಿಗೆ ಸರಿಯದೆ ಕಾಲುದಾರಿಯಲ್ಲೇ ಬಿದ್ದಿರುತ್ತದೆ. ಕಣಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು ಹಾಕಿ.

ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಓಡಿಸುವ ಶೇ. 30ರ ಡೀಟ್ ಲೇಪನ, ಅದಲುಬದಲಾದರೆ ಡೀಟ್ ಮುಚ್ಚಿಹೋಗುತ್ತದೆ. ಮಲೇರಿಯಾ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಅನ್ನನಾಳ ಸುಡುತ್ತದೆ. ಊರಿಗೆ ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಬಹಳ ಜನ ಮರೆಯುವುದು ಇಲ್ಲೇ. ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ.

ವಾರ್ಡಿನಿಂದ ನೇರ ಹೊರಟು ಬುತ್ತಿ ಬಿಚ್ಚಬೇಡಿ, ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಗುಣವಾಗುತ್ತಿರುವ ಮಗು "ನಾನೂ ಬರ್ತೀನಿ" ಅಂತ ಹಿಂದೆ ಬಿದ್ದರೂ ಕರೆದೊಯ್ಯಬೇಡಿ. ಮಲೇರಿಯಾದಿಂದ ರಕ್ತ ಕಡಿಮೆಯಾದ ಮಗುವಿಗೆ ಸಣ್ಣ ಏರೂ ಏದುಸಿರು ತರುತ್ತದೆ. ಬರುವಾಗ ಒಂದು ನುಣುಪು ಕಲ್ಲು ತಂದು, ತೊಳೆದು ಆ ಮಗುವಿನ ಕೈಗಿಡಿ.