ಸಿಗರೇಟ್ ಫಲಕಗಳ ಅಕ್ಷರ ತಿದ್ದಿದವರು

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ವೈದ್ಯರೂ ಸೇರಿದಂತೆ ಕೆಲವರು ಸಿಗರೇಟ್ ಜಾಹೀರಾತು ಫಲಕಗಳ ಮೇಲಿನ ಬರಹವನ್ನು ಬಣ್ಣದಿಂದ ತಿದ್ದುತ್ತಿದ್ದರೆಂದು ಕೇಳಿದ್ದೇನೆ. ಇದು ನಿಜವೇ? ಅದರಿಂದ ಪ್ರಯೋಜನವಾಯಿತೇ? ನಮ್ಮೂರಿನ ಪಾನ್ ಮಸಾಲಾ ಫಲಕಗಳಿಗೂ ಹಾಗೆ ಮಾಡಬಾರದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. 1979ರಲ್ಲಿ ಸಿಡ್ನಿಯಲ್ಲಿ ಹುಟ್ಟಿಕೊಂಡ ಆ ಗುಂಪಿನ ಹೆಸರು ‘ಬಗಾ ಅಪ್’. ರೇಡಿಯೊ ಮತ್ತು ಟಿ.ವಿ.ಯಲ್ಲಿ ಸಿಗರೇಟಿನ ನೇರ ಜಾಹೀರಾತು 1976ರಲ್ಲೇ ನಿಂತಿದ್ದರೂ, ಬೀದಿಬದಿಯ ಫಲಕಗಳು ಕಂಪನಿಗಳಿಗೆ ತೆರೆದೇ ಇದ್ದವು. ಗುಂಪಿನವರ ಜಾಣತನ ಇದ್ದದ್ದು ಫಲಕಕ್ಕೆ ಪೂರ್ತಿ ಮಸಿ ಬಳಿಯುವುದರಲ್ಲಲ್ಲ. ಇದ್ದ ಅಕ್ಷರಗಳಲ್ಲಿ ಕೆಲವನ್ನು ಅಳಿಸಿ, ಕೆಲವನ್ನು ಕೂಡಿಸಿ, ಕಂಪನಿಯೇ ದುಡ್ಡು ಕೊಟ್ಟು ಹಿಡಿದ ಜಾಗದಲ್ಲಿ ಕಂಪನಿಯ ವಿರುದ್ಧದ ಮಾತನ್ನು ಓದಿಸುವುದರಲ್ಲಿ. ‘ಮಾರ್ಲ್‌ಬರೊ’ ಎಂಬ ಹೆಸರು ಅವರ ಸ್ಪ್ರೇ ಡಬ್ಬಿಗೆ ಸಿಕ್ಕು ‘ಇಟ್ಸ್ ಎ ಬೋರ್’ ಆಯಿತು. ಕೋಟಿಗಟ್ಟಲೆ ಸುರಿದು ಕಟ್ಟಿದ ಗತ್ತು ಹೀಗೆ ದಾರಿಹೋಕರ ನಗೆಗೆ ಈಡಾಗುವುದು ಕಂಪನಿಗಳಿಗೆ ದಂಡಕ್ಕಿಂತ ಹೆಚ್ಚು ನೋಯುವ ಸಂಗತಿಯೆಂದೇ ನನಗನ್ನಿಸುತ್ತದೆ. ಗುಂಪಿನ ಕೆಲವರು ಬಂಧನಕ್ಕೂ ಒಳಗಾದರು; ಅವರಲ್ಲೊಬ್ಬರಾದ ಶಸ್ತ್ರಚಿಕಿತ್ಸಕ ಆರ್ಥರ್ ಚೆಸ್ಟರ್‌ಫೀಲ್ಡ್-ಇವಾನ್ಸ್ ಮುಂದೆ ನ್ಯೂ ಸೌತ್ ವೇಲ್ಸ್‌ನ ಮೇಲ್ಮನೆಯ ಸದಸ್ಯರೂ ಆದರು.

ಪ್ರಯೋಜನದ ಮಾತಿಗೆ ಬಂದರೆ, ಬಣ್ಣವೊಂದರಿಂದಲೇ ಎಲ್ಲವೂ ಆಯಿತೆನ್ನಲಾಗದು. ಅದೇ ಹೊತ್ತಿಗೆ ತಂಬಾಕು ವಿರೋಧಿ ಹೋರಾಟಗಾರ ಸೈಮನ್ ಚಾಪ್‌ಮನ್ ಮೊದಲಾದವರು ಕಾಗದದ ದಾರಿ ಹಿಡಿದಿದ್ದರು: ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದ ನಟ ಪಾಲ್ ಹೋಗನ್ ವಿನ್‌ಫೀಲ್ಡ್ ಸಿಗರೇಟಿನ ಪ್ರಚಾರ ಮಾಡುವುದು ಜಾಹೀರಾತು ಉದ್ಯಮದ ಸ್ವಂತ ನಿಯಮಕ್ಕೇ ವಿರುದ್ಧವೆಂದು ದೂರು ಕೊಟ್ಟು ಗೆದ್ದರು. ಬೀದಿಯ ನಗೆಚಾಟಿಕೆ ಜನರ ಗಮನ ಸೆಳೆಯಿತು, ದೂರುಗಳು ಅದಕ್ಕೆ ಆಧಾರ ಒದಗಿಸಿದವು. ಕೊನೆಗೆ 1992ರ ಕಾಯ್ದೆಯು ದೇಶದಾದ್ಯಂತ ತಂಬಾಕು ಜಾಹೀರಾತಿನ ಮೇಲೆ ವ್ಯಾಪಕ ನಿಷೇಧ ತಂದಿತು.

ಇನ್ನು ನಿಮ್ಮೂರಿನ ಮಾತು. ಅವರು ಬಣ್ಣ ಹಿಡಿದಾಗ ಬೀದಿಯ ಸಿಗರೇಟ್ ಫಲಕ ಕಾನೂನುಬದ್ಧವಾಗಿತ್ತು. ನಮ್ಮಲ್ಲಿ 2003ರ ತಂಬಾಕು ನಿಯಂತ್ರಣ ಕಾಯ್ದೆಯ 5ನೇ ಕಲಮು ನೇರ ಜಾಹೀರಾತನ್ನಷ್ಟೇ ಅಲ್ಲ, ಪರೋಕ್ಷ ಜಾಹೀರಾತನ್ನೂ ನಿಷೇಧಿಸಿದೆ. ನೇರ ಜಾಹೀರಾತಿಗೆ ದಾರಿಯಿಲ್ಲದ್ದರಿಂದಲೇ ಕಂಪನಿಗಳು ತಂಬಾಕಿನ ಹೆಸರನ್ನು ಏಲಕ್ಕಿಗೂ ಪಾನ್ ಮಸಾಲೆಗೂ ಅಂಟಿಸಿ ಚಿತ್ರನಟರ ಮುಖ ತೋರಿಸುತ್ತವೆ; ಇದೇ ಆ ಪರೋಕ್ಷ ಜಾಹೀರಾತು. ಅಕ್ಷರ ತಿದ್ದಲು ಹೋದರೆ ಮೊಕದ್ದಮೆ ನಿಮ್ಮ ಮೇಲೆಯೇ ಬೀಳುತ್ತದೆ. ಅದರ ಬದಲು ಅದೇ ಹೆಸರಿನ ತಂಬಾಕು ಪದಾರ್ಥ ಮಾರುಕಟ್ಟೆಯಲ್ಲಿದೆಯೇ ನೋಡಿ, ಅದರ ಪೊಟ್ಟಣದ ಚಿತ್ರವನ್ನೂ ಫಲಕದ ಚಿತ್ರವನ್ನೂ ಸ್ಥಳ, ದಿನಾಂಕ ಸಹಿತ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ದೂರಿನ ಪ್ರತಿಯೊಂದನ್ನು ಮಹಾನಗರ ಪಾಲಿಕೆಗೂ ಕೊಡುವುದು ಒಳ್ಳೆಯದು.